ಮೂರನೆಯ ಕೂಗು

೧೯೮೪ರಲ್ಲಿ ಒಂದು ಬೆಳಿಗ್ಗೆ ಹೊನ್ನಾವರದ ಕೋರ್ಟಿನ ಜಗಲಿಯಲ್ಲಿ ಹಳೆಯ ತೀರ್ಪಿನ ನಕಲಿಗಾಗಿ ಕಾಯುತ್ತಿದ್ದೆ. ಗುಮಾಸ್ತ ಇನ್ನೂ ಬಂದಿರಲಿಲ್ಲ. ಪಕ್ಕದ ಬೆಂಚಿನಲ್ಲಿ ಬೆಳಕೆಯಿಂದ ಬಂದ ಅತ್ತೆ, ಸೊಸೆ ಕೂತಿದ್ದರು.

"ಸರ್ಕಾರ ಧರ್ಮಕ್ಕೆ ಕೊಟ್ಟ ವಕೀಲ್ರು ಎಂತ ಹೇಳೂಕೆ ಅಂದ್ರು?" ಅತ್ತೆ ಕೇಳಿದಳು.

"ಏಳು ವರ್ಷದಿಂದ ಅವ್ರ ಸುದ್ದಿ ಇಲ್ಲ ಅಂತ. ಆಮೇಲೆ ಜಡ್ಜ್ ಸಾಹೇಬ್ರು, ಸತ್ತಿದ್ರು ಅಂತ ಬರ್ದು ಕೊಡ್ತ್ರಂತೆ."

"ದೋಣಿ ಸಿಕ್ಕಿತ್ತು. ನನ್ನ ಮಗ ಸಿಕ್ಕಲಿಲ್ಲ. ಅವ್ರು ಹ್ಯಾಂಗೆ ಬರೀತ್ರು?"

"ಮೊದ್ಲು ಬಾಗಿಲಲ್ಲಿ ಹೆಸ್ರು ಮೂರು ಸಲ ಕೂಗ್ತ್ರಂತೆ ಅತ್ತೆ. ಯಾರೂ ಬರದಿದ್ರೆ ಆತು."

ಅತ್ತೆ ಬೇಡವೆಂಬಂತೆ ತಲೆ ಆಡಿಸಿದಳು.

"ಕಡಲಿಗೆ ಹೊರಟವನ್ನ ಹಿಂದಿಂದ ಕರೂಕಾಗ, ನಾಗಿ. ಕರ್ದ್ರೆ ಅಪಶಕುನ."

"ಅವತ್ತು ನಾನು ಕರ್ದಿದ್ದೆ. ಗಂಜಿ ಪಾತ್ರೆ ಬಿಟ್ಟು ಹೋಗಿದ್ರು. ತಿರುಗಿ ನೋಡಿದ್ರು."

"ಇಷ್ಟು ವರ್ಷ ಹೇಳಲಿಲ್ಲ ನೀನು."

"ನಿಮ್ಮ ಹತ್ರ ಹ್ಯಾಂಗೆ ಹೇಳುದು?"

ಕೋರ್ಟಿನ ಜವಾನ ಹೊರಗೆ ಬಂದು ರಸ್ತೆಯತ್ತ ಮುಖ ಮಾಡಿ, "ಶನಿಯಾರ ಸೋಮ ಮೊಗೇರ" ಎಂದು ಆ ಮಗನ ಹೆಸರು ಕೂಗಿದ. ಇನ್ನೊಮ್ಮೆ ಕೂಗಿದ. ಇಬ್ಬರೂ ಗೇಟನ್ನೇ ನೋಡುತ್ತಿದ್ದರು.

ಅತ್ತೆ ಎದ್ದು ಹೋಗಿ ಅವನ ತೋಳು ಹಿಡಿದಳು.

"ತಮಾ, ಇನ್ನೊಂದು ಸಲ ಉಂಟಲ್ಲ, ಅದನ್ನು ಕಡಲ ಬದಿಗೆ ಕೂಗು."

ಜವಾನ ಪಡುವಣಕ್ಕೆ ತಿರುಗಿ ಕೂಗಿದ. ಸೊಸೆ ಎರಡೂ ಕಿವಿ ಮುಚ್ಚಿಕೊಂಡಳು. ಅತ್ತೆ ಕಾದಳು. ಆಮೇಲೆ ಬಂದು ಸೊಸೆಯ ಕೈಗಳನ್ನು ಕಿವಿಯಿಂದ ಬಿಡಿಸಿದಳು.

"ಕಂಡ್ಯಾ? ಕರ್ದ್ರೆ ಎಂತದೂ ಆಗುದಿಲ್ಲ. ಬಾ."

ಒಳಗೆ ಹೋಗುವಾಗ ಅತ್ತೆ ಮಾತ್ರ ಒಮ್ಮೆ ತಿರುಗಿ ನೋಡಿದಳು.