ಇಟ್ಟಿಗೆ ಇಟ್ಟ ಬಾಗಿಲು

ಅಮೆರಿಕದ ಒಹಾಯೋದಲ್ಲಿ, ಪಾಠ ನಡೆಯುತ್ತಿದ್ದ ಶಾಲೆಯೊಂದರ ಬಾಗಿಲಲ್ಲಿ ಮತ ಹಾಕಲು ಸಾಲಿನಲ್ಲಿ ನಿಂತಿದ್ದ ಲೊರೇನ್‌ಗೆ ಮುಂದಿನಾಕೆಯ ಸಿಟ್ಟಿನ ದನಿ ಕೇಳಿಸಿತು. ಆಕೆ ಬಾಗಿಲು ಕಾಯುವ ಮುದುಕ ವೆಂಡೆಲ್‌ನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ನಿನ್ನೆ ಮಗಳ ಊಟದ ಡಬ್ಬಿ ತಂದ್ರೆ, ಗುರುತಿನ ಚೀಟಿ ಕೇಳಿ ಚಳೀಲಿ ನಿಲ್ಲಿಸಿದ್ರಿ. ಇವತ್ತು ಅದೇ ಬಾಗಿಲಿಗೆ ಇಟ್ಟಿಗೆ ಅಡ್ಡ ಇಟ್ಟು ತೆರೆದೇ ಇಟ್ಟಿದ್ದೀರಲ್ಲ!”

“ಎಲೆಕ್ಷನ್ ಕಣಮ್ಮ. ಯಾರನ್ನೂ ತಡೆಯೋ ಹಾಗಿಲ್ಲ.”

“ಹಾಗಾದ್ರೆ ಮಕ್ಕಳಿಗೆ ರಜೆ ಕೊಡೋಕೇನು ರೋಗ?”

“ಅದು ನನ್ನ ಕೈಲಿಲ್ಲ. ನನ್ನ ಮೊಮ್ಮಗನೂ ಒಳಗೇ ಇದಾನೆ.”

“ಬಂದೂಕಿನೋನು ಬಂದ್ರೆ ಬಚ್ಚಿಟ್ಕೊಳ್ಳೋದು ಹೋದ ವಾರ ಕಲಿಸಿದ್ರಲ್ಲ, ಈಗ ಮಗಳು ಕೇಳ್ತಾಳೆ: ‘ಅಮ್ಮಾ, ಗುರುತಿಲ್ಲದೋರು ಬಂದ್ರೆ ಇವತ್ತೂ ಬಚ್ಚಿಟ್ಕೋಬೇಕಾ?’ ಏನು ಹೇಳ್ಲಿ?”

ಆಕೆ ದುರುಗುಟ್ಟಿ ನೋಡಿ ಒಳಹೋದಳು. ವೆಂಡೆಲ್ ಇಟ್ಟಿಗೆಯನ್ನು ಕಾಲಿಂದ ಸರಿಯಾಗಿ ಒತ್ತಿ, ಲೊರೇನ್‌ಗೆ, “ಬನ್ನಿ, ಒಳಗೆ ಬನ್ನಿ,” ಎಂದ. ಹೆಸರನ್ನೂ ಕೇಳಲಿಲ್ಲ.