ಡವಾಲಿ

ನಂಜನಗೂಡಿನ ಬಸ್ಸಿನಲ್ಲಿ ಮಂಗಳಮ್ಮನ ಮುಂದಿನ ಸೀಟಿಗೆ ಚನ್ನಾಜಮ್ಮನೂ ಆಕೆಯ ಮೊಮ್ಮಗ ಮದನನೂ ಬಂದು ಕೂತರು. ಕೋರ್ಟಿನ ಜವಾನನಾಗಿ ಅವನಿಗೆ ಅಂದೇ ಮೊದಲ ದಿನ. ಎದೆಗೆ ಅಡ್ಡಲಾಗಿ ಹಿತ್ತಾಳೆ ಬಿಲ್ಲೆಯ ಕೆಂಪು ಪಟ್ಟಿ ಹಾಕಿದ್ದ.

“ಇದ್ಕೆ ಡವಾಲಿ ಅಂತಾರೆ ಕಣಜ್ಜಿ. ಪಾರ್ಸಿ ಮಾತಂತೆ, ತೊಗಲಿನ ಪಟ್ಟಿ ಅಂತ ಅರ್ಥ.”

“ತೊಗಲಾ! ಕೊರಳ ಲಿಂಗದ ಮ್ಯಾಲೆ ತೊಗಲು ಆಕ್ಕಂಡಿದ್ದೀಯೇನ್ಲಾ? ಬಿಚ್ಚು ಮೊದ್ಲು.”

“ಅದು ಆಗಿನ ಕಾಲ್ದಲ್ಲಿ. ಇದು ಬಟ್ಟೆ, ಮುಟ್ಟಿ ನೋಡು.”

ಅಜ್ಜಿ ಬಿಲ್ಲೆಯನ್ನೇ ಮಗುಚಿದಳು. “ಇದ್ರ ಬೆನ್ನಿಗೆ ಒಲ್ದಿರಾದೇನು?”

ಮದನ್ ಬಗ್ಗಿ ನೋಡಿದ. ಬಿಲ್ಲೆಯ ಹಿಂದೆ ಹೊಲಿದಿದ್ದ ತುಂಡು ತೊಗಲೇ.

“ಬಿಚ್ಚುದ್ರೆ ಜಡ್ಜ್ ಸಾಯೇಬ್ರು ಬೈತಾರೆ ಕಣಜ್ಜಿ.”

“ಅವ್ರು ಬೈತಾರೆ ಸರಿ. ಇವ್ನು?” ಅಜ್ಜಿ ಅಂಗಿಯ ಮೇಲಿಂದಲೇ ಅವನ ಎದೆಯ ಲಿಂಗ ಮುಟ್ಟಿದಳು.

ಕೋರ್ಟಿನ ಸ್ಟಾಪಿನಲ್ಲಿ ಇಬ್ಬರೂ ಇಳಿದರು. ಮಂಗಳಮ್ಮ ಕಿಟಕಿಯಿಂದ ಕತ್ತು ಚಾಚಿದಳು. ಮದನ್ ಪಟ್ಟಿಯನ್ನು ಎದೆಗೆ ತಾಗದ ಹಾಗೆ ಹೆಬ್ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಗೇಟು ದಾಟಿದ.