ಹಲಗೆಯ ಮೇಲೆ ಉಳಿದ ಬಿಲ್ಲೆ

ಒಂದು ಬೆಟ್ಟದ ಸೀಮೆಯಲ್ಲಿ ಒಬ್ಬ ಶ್ರೀಮಂತ ಗುತ್ತಿಗೆದಾರನಿದ್ದ, ತಾಯಂದಿರೇ. ಬೆಟ್ಟ ಕೊರೆದು ರಸ್ತೆಗೆ ಸುರಂಗ ಮಾಡಿಸುತ್ತಿದ್ದ. ನಾನು ಹೇಳುವುದು ಅವನ ಕಥೆಯನ್ನಲ್ಲ, ಆ ಸುರಂಗದ ಬಾಯಲ್ಲಿ ಕೂರುತ್ತಿದ್ದ ಹೊನ್ನವ್ವನ ಕಥೆಯನ್ನು.

ಅವಳ ಕೆಲಸ ಇಷ್ಟೇ. ಒಳಗೆ ಹೋಗುವ ಪ್ರತಿಯೊಬ್ಬನೂ ತನ್ನ ಹೆಸರಿನ ಬಿಲ್ಲೆಯನ್ನು ಅವಳ ಹಲಗೆಗೆ ನೇತುಹಾಕಬೇಕು, ಹೊರಗೆ ಬಂದಾಗ ತೆಗೆದುಕೊಳ್ಳಬೇಕು. ಹಲಗೆ ಬರಿದಾಗುವವರೆಗೆ ಬಂಡೆ ಸಿಡಿಸುವ ಯಂತ್ರದ ಕೀಲಿ ಅವಳ ಸೊಂಟದಲ್ಲೇ.

ಒಂದು ಮಧ್ಯಾಹ್ನ ಬಂಡೆಗೆ ಮದ್ದು ತುಂಬಿ ಎಲ್ಲರೂ ಹೊರಗೆ ಬಂದರು. ಒಂದು ಬಿಲ್ಲೆ ಮಾತ್ರ ಉಳಿಯಿತು. ಕೂಲಿಯಾಳು ದುರಗಪ್ಪನದು. ಕೂಗಿದರು, ಉತ್ತರವಿಲ್ಲ. ಫೋನ್ ಮಾಡಿದರು, ಸ್ವಿಚ್ ಆಫ್.

"ಮರತು ಮನೀಗೆ ಹೋಗಿರ್ತಾನ. ಕೀಲಿ ಕೊಡು," ಎಂದ ಗುತ್ತಿಗೆದಾರ.

"ಹೋಗಿರ್ತಾನ ಅಂದ್ರ ಆಗೂದಿಲ್ರೀ ಸಾವ್ಕಾರ್ರ. ಹೋಗ್ಯಾನ ಅಂತ ಗೊತ್ತಾಗ್ಲಿ."

ನೋಡಿ, ಎಂಥ ಮಾತು! ಅವನು ಗದರಿದ. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದ. ಮನೆಗೆ ಅವಳ ದುಡಿಮೆಯೊಂದೇ ಆಧಾರ. ಆದರೂ ಕೀಲಿ ಬಿಡಲಿಲ್ಲ. ಕೊನೆಗೆ ಮದ್ದಿನ ತಂತಿಗಳನ್ನು ಬಿಚ್ಚಿಸಿ ನಾಲ್ವರು ಬ್ಯಾಟರಿ ಹಿಡಿದು ಒಳಗೆ ಹುಡುಕಿದರು. ಒಬ್ಬ ಜೀಪಿನಲ್ಲಿ ಊರಿಗೆ ಓಡಿದ. ಎರಡು ತಾಸು ಕೆಲಸ ನಿಂತಿತು.

ದುರಗಪ್ಪ ಎಲ್ಲಿದ್ದ ಹೇಳಿ? ಆಸ್ಪತ್ರೆಯಲ್ಲಿ! ಎಲ್ಲರೊಂದಿಗೆ ಹೊರಗೆ ಬರುತ್ತಲೇ ಮಗಳಿಗೆ ಜ್ವರ ಏರಿದೆ ಎಂದು ಸುದ್ದಿ ಬಂದು, ಗುಂಪಿನ ನಡುವೆ ಬಿಲ್ಲೆ ಮರೆತು ಓಡಿದ್ದ. ಔಷಧಿ ಕೊಡಿಸಿ, ಹೆಂಡತಿ ಮತ್ತು ಕೂಸಿನೊಂದಿಗೆ ಅದೇ ಜೀಪಿನಲ್ಲಿ ತಲೆತಗ್ಗಿಸಿ ಬಂದ.

"ನೋಡಿದಿ? ಎರಡು ತಾಸು ಹಾಳ!" ಎಂದು ಗುತ್ತಿಗೆದಾರ ಕೂಗಿದ.

ಹೊನ್ನವ್ವ ಎದ್ದು ಬಂದಳು. ದುರಗಪ್ಪನ ಕೆನ್ನೆ ಸವರಿ, "ಹೊರಗ ಇದ್ದೆಲ್ಲಪ್ಪಾ, ಸಾಕು," ಎಂದು ಅತ್ತುಬಿಟ್ಟಳು. ಅವನ ಹೆಂಡತಿ ಅವಳ ಕೈ ಹಿಡಿದುಕೊಂಡಳು. "ಯವ್ವಾ, ಇನ್ನ ಇವ್ರು ಕೆಲಸಕ್ಕ ಹೋದ್ರ ನಾ ಧೈರ್ಯದಿಂದ ಇರ್ತೀನಿ."

ಗುತ್ತಿಗೆದಾರ ಹಲಗೆಯ ಮೇಲಿನ ಬಿಲ್ಲೆಯನ್ನು ನೋಡಿದ. ಮೆಲ್ಲಗೆ ಕೇಳಿದ: "ಒಳಗ ನಾ ಉಳಿದಿದ್ರ?"

"ನಿಮಗೂ ಮನ್ಯಾಗ ದಾರಿ ಕಾಯೋರು ಅದಾರಲ್ರೀ," ಎಂದಳು ಹೊನ್ನವ್ವ.

ಅವನು ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತ. ತಂತಿ ಮತ್ತೆ ಜೋಡಿಸಿ ಬಂದವರೂ ದುರಗಪ್ಪನೂ ಬಿಲ್ಲೆ ತೆಗೆದುಕೊಂಡು ಹಲಗೆ ಬರಿದಾದ ಮೇಲೆಯೇ ಕೀಲಿಗೆ ಕೈ ಚಾಚಿದ.

ಈಗ ನೀವು ಹೇಳಿ, ಆ ಎರಡು ತಾಸು ಹಾಳಾಯಿತೇ? ಸುಮ್ಮನೆ ನಿಲ್ಲಿಸಿದಳು, ಏನೂ ಆಗಲಿಲ್ಲವಲ್ಲ ಎನ್ನುತ್ತೇವೆ. ಏನೂ ಆಗದಿರಲಿ ಎಂದೇ ಅಲ್ಲವೇ ಅವಳು ಅಲ್ಲಿ ಕೂತಿದ್ದು?

ನಾಳೆ ಅಂಥ ಸುರಂಗದ ಮುಂದೆ ನೀವೇ ನಿಲ್ಲುತ್ತೀರಿ. ಒಳಗೆ ಹೊಗೆ ಕಂಡಿತೆಂದು ಕೆಂಪು ದೀಪ ಹಾಕಿರುತ್ತಾರೆ. ನೀವು ಹಾರನ್ ಹೊಡೆಯುತ್ತೀರಿ, ಕಾವಲಿನವನನ್ನು ಬೈಯುತ್ತೀರಿ. ಬೈಯಬೇಡಿ, ಅಪ್ಪಾ. ಗಾಡಿ ಆಫ್ ಮಾಡಿ ನಿಲ್ಲಿ. ಗ್ಯಾಸ್ ಬಂದ್ ಮಾಡಿದೆಯಾ ಎಂದು ಅತ್ತೆ ಎರಡನೇ ಸಲ ಕೇಳಿದರೆ ಸಿಡುಕಬೇಡಿ, ಎದ್ದು ಹೋಗಿ ನೋಡಿ ಬನ್ನಿ. ಹೆಲ್ಮೆಟ್ ಎಲ್ಲಿ ಎಂದು ಮಗಳು ಕೂಗಿದರೆ ಗೇಟಿನಿಂದ ತಿರುಗಿ ಬನ್ನಿ. ನಿಮ್ಮನ್ನು ತಡೆಯುವವರು ನೀವು ಬೇಕು ಎನ್ನುವವರು. ಇವತ್ತು ಮನೆಗೆ ಹೋದೊಡನೆ ಅವರಿಗೆ ಹೇಳಿ: "ನೀ ಕೇಳಿದ್ದು ಒಳ್ಳೇದಾತು."